ನಿಮ್ಮ ಕೆಲಸ ಏನು?

ಮೊನ್ನೆ ಭಾನುವಾರ ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ನಮ್ಮ ಬೀದಿಯ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಪೀಣ್ಯದ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಈಗ ನಿವೃತ್ತರಾಗಿ ಮನೆಯಲ್ಲಿರುವವರು. ಒಬ್ಬಳೇ ಮಗಳು, ಎಂ.ಬಿ.ಬಿ.ಎಸ್. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ.

"ಸಾರ್, ನೀವು ಡಾಕ್ಟರ್ ಓದೋ ಹುಡುಗರಿಗೆ ಪಾಠ ಹೇಳಿದವರು. ಒಂದು ಮಾತು ಕೇಳಬೇಕು" ಎಂದರು. ಅವರ ದನಿ ಯಾವಾಗಲೂ ಜೋರು. ಅರ್ಧ ಬೀದಿಗೆ ಕೇಳಿಸುತ್ತದೆ. "ಮಗಳು ಕಾಲೇಜಿನಲ್ಲಿ ಅದೇನೋ ವಿಜ್ಞಾನ ಸಂಘ ಅಂತ ಸೇರಿಕೊಂಡಿದ್ದಾಳೆ. ಹದಿನೈದು ದಿನಕ್ಕೊಂದು ಸಲ ಸಾಯಂಕಾಲ ಮೀಟಿಂಗು. ಮನೆಗೆ ಬರೋದು ರಾತ್ರಿ ಎಂಟಾಗುತ್ತೆ. ಸಾಲ ಮಾಡಿ ಫೀಸು ಕಟ್ಟಿದ್ದೀನಿ. ಓದೋದು ಬಿಟ್ಟು ಸಂಘ ಗಿಂಘ ಅಂತ ಓಡಾಡಿದರೆ ಪರೀಕ್ಷೆ ಗತಿ ಏನು? ಬೇಡ ಅಂತ ಹೇಳಿಬಿಡಲಾ?"

ಹಾಲಿನ ಪೊಟ್ಟಣ ಕೈಯಲ್ಲಿ ಹಿಡಿದು ನಿಂತು ಉತ್ತರಿಸುವ ಪ್ರಶ್ನೆ ಇದಲ್ಲ. "ಒಂದು ವಾರ ಟೈಮು ಕೊಡಿ, ಹೇಳುತ್ತೇನೆ" ಎಂದೆ. ಇದೇ ಅನುಮಾನ ಇನ್ನೂ ಅನೇಕ ತಂದೆತಾಯಿಗಳಿಗೆ ಇರುವುದರಿಂದ ಉತ್ತರವನ್ನು ಈ ವಾರದ ಅಂಕಣದಲ್ಲೇ ಬರೆಯುತ್ತಿದ್ದೇನೆ.

ಸಂಘದಲ್ಲಿ ಏನು ನಡೆಯುತ್ತದೆ?

ಸಂಘ ಎಂದ ಕೂಡಲೇ ನಮಗೆ ಹಾರ, ತುರಾಯಿ, ಸ್ವಾಗತ ಭಾಷಣ, ವಂದನಾರ್ಪಣೆ ನೆನಪಾಗುತ್ತವೆ. ವೈದ್ಯ ವಿದ್ಯಾರ್ಥಿಗಳ ವಿಜ್ಞಾನ ಸಂಘ ಸರಿಯಾಗಿ ನಡೆದರೆ ಅಲ್ಲಿ ಇವು ಯಾವುವೂ ಇರುವುದಿಲ್ಲ. ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರು ಒಂದು ಕೋಣೆಯಲ್ಲಿ ಸೇರುತ್ತಾರೆ. ಒಬ್ಬರು ಇತ್ತೀಚಿನ ಒಂದು ಸಂಶೋಧನಾ ಲೇಖನವನ್ನು ಓದಿಕೊಂಡು ಬಂದು ವಿವರಿಸುತ್ತಾರೆ. ಇನ್ನೊಬ್ಬರು ವಾರ್ಡಿನಲ್ಲಿ ಕಂಡ ಒಂದು ಸಂಗತಿಯನ್ನು ಹೇಳಿ, ಅದು ಯಾಕೆ ಹಾಗೆ ಎಂದು ಕೇಳುತ್ತಾರೆ. ಉಳಿದವರ ಕೆಲಸ ಒಂದೇ: ಪ್ರಶ್ನೆ ಹಾಕುವುದು. ಮೇಷ್ಟ್ರು ಇದ್ದರೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ.

ತರಗತಿಯಲ್ಲಿ ಮೇಷ್ಟ್ರು ಕೇಳುತ್ತಾರೆ, ವಿದ್ಯಾರ್ಥಿ ಉತ್ತರಿಸುತ್ತಾನೆ. ಉತ್ತರ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಸಂಘದಲ್ಲಿ ವಿದ್ಯಾರ್ಥಿಯೇ ಕೇಳಬೇಕು. ಉತ್ತರ ಪುಸ್ತಕದಲ್ಲಿ ಇಲ್ಲದೆಯೂ ಇರಬಹುದು. ಮುಂದೆ ನಲವತ್ತು ವರ್ಷ ರೋಗಿಗಳ ಮುಂದೆ ಕೂರಬೇಕಾದವರಿಗೆ ಈ ಎರಡನೆಯ ಅಭ್ಯಾಸವೂ ಬೇಕು. ಯಾಕೆಂದರೆ ರೋಗಿ ಬರುವಾಗ ಪಠ್ಯಪುಸ್ತಕದ ಅಧ್ಯಾಯವನ್ನು ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲ.

ನಾನು ಪಾಠ ಹೇಳುತ್ತಿದ್ದ ಕಾಲದ ಒಂದು ಪ್ರಸಂಗ ನೆನಪಾಗುತ್ತದೆ. ಮೂರನೆಯ ವರ್ಷದ ಒಬ್ಬ ಚುರುಕು ಹುಡುಗ ವಿದ್ಯಾರ್ಥಿನಿಯರಲ್ಲಿ ರಕ್ತಹೀನತೆ ಎಷ್ಟಿದೆ ಎಂದು ಪರೀಕ್ಷಿಸಿ ಪ್ರಬಂಧ ಮಂಡಿಸಿದ. ಅಂಕಿಅಂಶ, ನಕ್ಷೆ ಎಲ್ಲ ಚೆನ್ನಾಗಿದ್ದವು. ಚಪ್ಪಾಳೆಯೂ ಬಿತ್ತು. ಆಗ ಮೊದಲ ವರ್ಷದ ಒಬ್ಬಳು ಎದ್ದು ನಿಂತು, "ರಕ್ತ ಕೊಟ್ಟವರೆಲ್ಲ ತಾವಾಗಿ ಬಂದವರಲ್ಲವೇ? ಸುಸ್ತಾಗಿದ್ದವರೇ ಪರೀಕ್ಷೆ ಮಾಡಿಸಿಕೊಳ್ಳೋಣ ಅಂತ ಹೆಚ್ಚಾಗಿ ಬಂದಿರಬಹುದಲ್ಲ?" ಎಂದು ಮೆಲ್ಲಗೆ ಕೇಳಿದಳು. ಕೋಣೆಯಲ್ಲಿ ಮೌನ. ಹುಡುಗನ ಮುಖ ಕೆಂಪಾಯಿತು. ಆದರೆ ಮುಂದಿನ ಸಲ ಅವನು ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ಹೆಸರು ಆರಿಸಿಕೊಂಡು ಪೂರ್ತಿ ಕೆಲಸವನ್ನು ಹೊಸದಾಗಿ ಮಾಡಿಕೊಂಡು ಬಂದ. ನಾನು ಸಂಖ್ಯಾಶಾಸ್ತ್ರದ ಪಾಠವನ್ನು ಹತ್ತು ಗಂಟೆ ಹೇಳಿದ್ದರೂ ಅವನಿಗೆ ಅಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ. ಗೆಳೆಯರ ಮುಂದೆ ತಪ್ಪಿ, ಗೆಳೆಯರ ಮುಂದೆಯೇ ತಿದ್ದಿಕೊಳ್ಳುವುದನ್ನು ಅವನಿಗೆ ಕಲಿಸಿದ್ದು ಆ ಸಂಘ. ರೋಗಿಯ ಮೇಲೆ ತಪ್ಪು ಮಾಡಿ ಕಲಿಯುವುದಕ್ಕಿಂತ ಇದು ಎಷ್ಟೋ ಮೇಲು.

ಹಳೆಯ ಸಂಪ್ರದಾಯ

ಇದು ಇಂದು ನಿನ್ನೆಯ ಹುಚ್ಚಲ್ಲ. ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ 1734ರಲ್ಲಿ ಕೆಲವು ವೈದ್ಯ ವಿದ್ಯಾರ್ಥಿಗಳು ತಮ್ಮ ಕೋಣೆಗಳಲ್ಲೇ ಸೇರಿ, ಸರದಿಯ ಮೇಲೆ ಪ್ರಬಂಧ ಓದಿ, ಚರ್ಚಿಸುವ ರೂಢಿ ಹಾಕಿಕೊಂಡರು. 1737ರಲ್ಲಿ ಅದು ಸಂಘವಾಯಿತು. 1778ರಲ್ಲಿ ರಾಜಮನ್ನಣೆ ಪಡೆದು 'ರಾಯಲ್ ಮೆಡಿಕಲ್ ಸೊಸೈಟಿ' ಎನಿಸಿಕೊಂಡಿತು. ವಿದ್ಯಾರ್ಥಿಗಳು ಕಟ್ಟಿದ ಆ ಸಂಘ ಇವತ್ತಿಗೂ ಇದೆ.

ಅದೇ ಊರಿಗೆ 1825ರಲ್ಲಿ ವೈದ್ಯಕೀಯ ಓದಲು ಬಂದ ಹುಡುಗ ಚಾರ್ಲ್ಸ್ ಡಾರ್ವಿನ್. ಅಪ್ಪ ವೈದ್ಯರು, ಮಗನೂ ಹಾಗೇ ಆಗಲಿ ಎಂಬ ಆಸೆ. ಹುಡುಗನಿಗೆ ಪಾಠಗಳು ಸಪ್ಪೆ ಎನಿಸಿದವು, ಶಸ್ತ್ರಚಿಕಿತ್ಸೆ ನೋಡಿ ಹೆದರಿಕೆಯಾಯಿತು. ಅವನಿಗೆ ಹಿಡಿಸಿದ್ದು 'ಪ್ಲೀನಿಯನ್ ಸೊಸೈಟಿ' ಎಂಬ ವಿದ್ಯಾರ್ಥಿ ಸಂಘ. ಸಮುದ್ರತೀರದ ಸಣ್ಣ ಜೀವಿಗಳ ಬಗ್ಗೆ ತಾನು ಕಂಡುಕೊಂಡದ್ದನ್ನು 1827ರ ಮಾರ್ಚಿಯಲ್ಲಿ ಆ ಸಂಘದ ಮುಂದೆ ಹೇಳಿದಾಗ ಅವನ ವಯಸ್ಸು ಹದಿನೆಂಟು. ಆಮೇಲೆ ಅವನು ವೈದ್ಯಕೀಯವನ್ನೇ ಬಿಟ್ಟ ಎಂಬುದು ನಿಜ. ಪೋಷಕರು ಹೆದರಬೇಕಿಲ್ಲ, ಎಲ್ಲರೂ ಡಾರ್ವಿನ್ ಆಗುವುದಿಲ್ಲ!

ವೈದ್ಯಕೀಯದಲ್ಲೇ ಉಳಿದು ಹೆಸರು ಮಾಡಿದ ವಿದ್ಯಾರ್ಥಿಗಳೂ ಇದ್ದಾರೆ. ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹ್ಯಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿದ ಜೀವಕೋಶಗಳ ಗುಂಪನ್ನು 1869ರಲ್ಲಿ ವಿವರಿಸಿದಾಗ ಅವನಿಗೆ ಇಪ್ಪತ್ತೊಂದು ವರ್ಷ. ಅವು ಏನು ಕೆಲಸ ಮಾಡುತ್ತವೆ ಎಂಬುದು ತನಗೆ ಗೊತ್ತಿಲ್ಲ ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಇನ್ಸುಲಿನ್ ತಯಾರಾಗುವುದು ಅಲ್ಲಿಯೇ ಎಂದು ಮುಂದೆ ತಿಳಿಯಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕಲು ಹೋಗಿ, 1916ರಲ್ಲಿ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಕಂಡ. ಹೆಪಾರಿನ್ ಔಷಧದ ಕಥೆ ಶುರುವಾಗುವುದು ಅಲ್ಲಿಂದ. ಇವತ್ತು ಹೊಸೂರು ರಸ್ತೆಯ ಬೊಮ್ಮಸಂದ್ರದ ಹೃದಯದ ಆಸ್ಪತ್ರೆಯಲ್ಲಾಗಲಿ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಾಗಲಿ ರೋಗಿಯ ರಕ್ತವನ್ನು ಯಂತ್ರಕ್ಕೆ ಹರಿಸಿ ಹೃದಯದ ಶಸ್ತ್ರಚಿಕಿತ್ಸೆ ಮಾಡುವುದು ಹೆಪಾರಿನ್ ಬಲದಿಂದಲೇ.

ಕಾಲೇಜಿನ ಗೇಟಿನ ಆಚೆ

ಸರಿ, ಅವು ದೊಡ್ಡವರ ಕಥೆ. ನಮ್ಮ ಬೆಂಗಳೂರಿನ ಅಂಚಿನ ಹುಡುಗರು ಏನು ಕಂಡುಹಿಡಿದಾರು? ಹೀಗೆ ಕೇಳುವವರು ಕಾಲೇಜಿನ ಗೇಟಿನ ಆಚೆ ಒಮ್ಮೆ ನೋಡಬೇಕು.

ವೈಟ್‌ಫೀಲ್ಡಿನಲ್ಲಿ 2000ದಲ್ಲಿ ಶುರುವಾದ ವೈದೇಹಿ ವೈದ್ಯಕೀಯ ಕಾಲೇಜಿದೆ. ಪೀಣ್ಯಕ್ಕೆ ಹತ್ತಿರದ ಚಿಕ್ಕಸಂದ್ರದಲ್ಲಿ 2011ರಲ್ಲಿ ಶುರುವಾದ ಸಪ್ತಗಿರಿ ಕಾಲೇಜಿದೆ. ಎಲೆಕ್ಟ್ರಾನಿಕ್ ಸಿಟಿ ದಾಟಿ ಅತ್ತಿಬೆಲೆಯ ಕಡೆ ಹೋದರೆ ಆಕ್ಸ್‌ಫರ್ಡ್ ಕಾಲೇಜಿದೆ. ಈಗ ಮೆಟ್ರೊ ಬಂದಿರುವುದರಿಂದ ಈ ಮೂರು ದಿಕ್ಕುಗಳೂ ಒಂದಕ್ಕೊಂದು ಹತ್ತಿರವಾಗಿವೆ. ವೈಟ್‌ಫೀಲ್ಡಿನಲ್ಲಿ ರೈಲು ಹತ್ತಿದ ವಿದ್ಯಾರ್ಥಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಪೀಣ್ಯದಲ್ಲಿ ಇಳಿಯಬಹುದು. 2025ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೂ ರೈಲು ಓಡುತ್ತಿದೆ.

ಈ ಕಾಲೇಜುಗಳ ಸುತ್ತ ಇರುವವರು ಯಾರು? ಪೀಣ್ಯದಲ್ಲಿ ಲೇತ್, ಪ್ರೆಸ್, ಎರಕದ ಮನೆ, ಲೋಹಕ್ಕೆ ಕ್ರೋಮಿಯಂ ಲೇಪನ ಮಾಡುವ ಸಣ್ಣ ಸಣ್ಣ ಘಟಕಗಳು, ಗಾರ್ಮೆಂಟ್ಸ್. ವೈಟ್‌ಫೀಲ್ಡಿನಲ್ಲಿ ಗಾಜಿನ ಕಟ್ಟಡಗಳ ಒಳಗೆ ಗಣಕಯಂತ್ರದ ಮುಂದೆ ಕೂತವರು, ಹೊರಗೆ ಅದೇ ಥರದ ಇನ್ನೊಂದು ಕಟ್ಟಡಕ್ಕೆ ಸಿಮೆಂಟು ಕಲಸುವವರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿಯವರು, ಅವರನ್ನು ಕರೆತರುವ ಕ್ಯಾಬ್ ಚಾಲಕರು, ಕಾವಲುಗಾರರು. ಇಷ್ಟು ಬಗೆಯ ಕೆಲಸಗಳು, ಅಷ್ಟೇ ಬಗೆಯ ಕಾಯಿಲೆಗಳು.

ಕ್ರೋಮಿಯಂ ಲೇಪನದ ತೊಟ್ಟಿಯ ಆವಿ ವರ್ಷಗಟ್ಟಲೆ ಮೂಗಿಗೆ ಹೋದರೆ ಮೂಗಿನ ನಡುಗೋಡೆ ತೂತಾಗಬಹುದು. ಸಿಮೆಂಟಿನಲ್ಲಿರುವ ಅದೇ ಜಾತಿಯ ಲವಣದಿಂದ ಗಾರೆ ಕೆಲಸದವರ ಕೈ ಒಡೆದು ಕಜ್ಜಿಯಾಗುತ್ತದೆ. ಎರಕದ ಮನೆಯ ಮರಳಿನ ಸಣ್ಣ ದೂಳು ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಅದರ ಹೆಸರು ಸಿಲಿಕೋಸಿಸ್. ಇದು ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯ ಎಕ್ಸ್‌ರೇ ತೆಗೆದು ನೋಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಕಾಯಿಲೆ ಕಂಡುಬಂತು. ಯಾರೋ ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ತೆಗೆದದ್ದರಿಂದ ಅದು ತಿಳಿಯಿತು. ಇಲ್ಲದಿದ್ದರೆ ಪ್ರತಿಯೊಬ್ಬನೂ ಬೇರೆ ಬೇರೆಯಾಗಿ ಕೆಮ್ಮಿಕೊಂಡೇ ಇರುತ್ತಿದ್ದ.

ಇಟಲಿಯಲ್ಲಿ ಬರ್ನಾರ್ಡಿನೊ ರಾಮಾಝಿನಿ ಎಂಬ ವೈದ್ಯರಿದ್ದರು. ಒಮ್ಮೆ ಅವರ ಮನೆಯ ಮಲದ ಗುಂಡಿ ಬಳಿಯಲು ಬಂದ ಕೆಲಸಗಾರ ಉಸಿರುಗಟ್ಟಿಕೊಂಡು ಅವಸರ ಅವಸರವಾಗಿ ಕೆಲಸ ಮಾಡುತ್ತಿದ್ದುದನ್ನು ಕಂಡು, ಯಾಕಪ್ಪಾ ಇಷ್ಟು ಅವಸರ ಎಂದು ವಿಚಾರಿಸಿದರು. ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣು ಹೋಗುತ್ತದೆ ಎಂದ ಅವನು. ಆ ಒಂದು ಮಾತಿನಿಂದ ಹೊರಟ ರಾಮಾಝಿನಿ ಒಂದೊಂದೇ ಕಸುಬಿನವರನ್ನು ಮಾತನಾಡಿಸುತ್ತ ಹೋಗಿ, 1700ರಲ್ಲಿ ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ರೋಗಿಯನ್ನು ಕೇಳಬೇಕಾದ ಹಳೆಯ ಪ್ರಶ್ನೆಗಳ ಪಟ್ಟಿಗೆ ಅವರು ಒಂದು ಹೊಸ ಪ್ರಶ್ನೆ ಸೇರಿಸಿದರು: ನಿಮ್ಮ ಕೆಲಸ ಏನು?

ಮುನ್ನೂರು ವರ್ಷ ದಾಟಿದರೂ ಈ ಪ್ರಶ್ನೆ ನಮ್ಮ ಹೊರರೋಗಿ ವಿಭಾಗಗಳ ಗಲಾಟೆಯಲ್ಲಿ ಕಳೆದುಹೋಗುತ್ತದೆ. ಕೇಸ್ ಶೀಟಿನಲ್ಲಿ ಉದ್ಯೋಗ ಎಂಬ ಕಡೆ 'ಕೂಲಿ' ಎಂದು ಬರೆದು ಮುಂದೆ ಹೋಗುತ್ತೇವೆ. ಯಾವ ಕೂಲಿ, ಯಾವ ಯಂತ್ರ, ಎಷ್ಟು ವರ್ಷ ಎಂದು ಕೇಳಲು ಪುರಸೊತ್ತಿಲ್ಲ. ಪುರಸೊತ್ತು ಇರುವುದು ಯಾರಿಗೆ? ವಿದ್ಯಾರ್ಥಿಗಳಿಗೆ. ಅದಕ್ಕೇ ಈ ಪ್ರದೇಶದ ವಿದ್ಯಾರ್ಥಿ ಸಂಘಗಳ ಮೇಲೆ ನನಗೆ ಇಷ್ಟು ಆಸೆ.

ಪ್ರಶ್ನೆ ಹುಟ್ಟಿದ ಮೇಲೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪ್ರೆಸ್ ಶಾಪಿನವರಿಗೆ ಕಿವಿ ಮಂದವಾಗುತ್ತದೆಯೇ ಎಂದು ಒಬ್ಬ ವಿದ್ಯಾರ್ಥಿಗೆ ಅನುಮಾನ ಬಂತೆನ್ನಿ. ಅದನ್ನು ಸಂಘದಲ್ಲಿ ಹೇಳುತ್ತಾನೆ. ಗೆಳೆಯರು ಮುತ್ತಿಗೆ ಹಾಕುತ್ತಾರೆ. ವಯಸ್ಸಾದರೆ ಎಲ್ಲರಿಗೂ ಕಿವಿ ಮಂದವಾಗುವುದಿಲ್ಲವೇ? ಹಾಗಾದರೆ ಅದೇ ವಯಸ್ಸಿನ ಬೇರೆ ಕೆಲಸದವರನ್ನೂ ಪರೀಕ್ಷಿಸಬೇಡವೇ? ಶಬ್ದವನ್ನು ಅಳೆದವರು ಯಾರು? ನಮ್ಮ ಕಾರ್ಖಾನೆ ನಿಯಮಗಳು ಬಹುಕಾಲದಿಂದ ಹೇಳುತ್ತ ಬಂದ ಮಿತಿ ದಿನಕ್ಕೆ 8 ಗಂಟೆ, 90 ಡೆಸಿಬೆಲ್. ಇಲ್ಲಿ ಎಷ್ಟಿದೆ? ಶಬ್ದದಿಂದ ಕೆಟ್ಟ ಕಿವಿ ಸಾಮಾನ್ಯವಾಗಿ ಮೊದಲು ಸೋಲುವುದು 4000 ಹರ್ಟ್ಸ್ ಸುತ್ತಿನ ಎತ್ತರದ ಸ್ವರಕ್ಕೆ. ಆಡಿಯೋಗ್ರಾಮಿನಲ್ಲಿ ಅಲ್ಲೊಂದು ಹಳ್ಳ ಕಾಣುತ್ತದೆ. ಆ ಹಳ್ಳ ಇದೆಯೇ? ಹೀಗೆ ಅರ್ಧ ಗಂಟೆ ಜಗ್ಗಾಡಿದ ಮೇಲೆ ಬರಿಯ ಅನುಮಾನ ಅಧ್ಯಯನದ ಯೋಜನೆಯಾಗುತ್ತದೆ.

ಆಮೇಲೆ ಒಬ್ಬ ಮೇಷ್ಟ್ರು ಮಾರ್ಗದರ್ಶಕರಾಗಬೇಕು. ಕಾಲೇಜಿನ ನೀತಿ ಸಮಿತಿ ಒಪ್ಪಬೇಕು. ಒಪ್ಪಿಗೆ ಪತ್ರ ಕಾರ್ಮಿಕನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡ ಮಾತ್ರ ಸಾಲದು. ಈಗ ಪೀಣ್ಯದ ಯಂತ್ರಗಳ ಮುಂದೆ ನಿಂತವರಲ್ಲಿ ಹಿಂದಿ, ಒಡಿಯಾ ಮಾತನಾಡುವವರೂ ಇದ್ದಾರೆ. ಎಲ್ಲಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ನನಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳಿದರೆ ಮಾಲೀಕರು ಕೆಲಸದಿಂದ ತೆಗೆದಾರು ಎಂಬ ಹೆದರಿಕೆ ಕಾರ್ಮಿಕನಿಗೆ ಇರುತ್ತದೆ. ಅವನ ಹೆಸರು ಹೊರಗೆ ಬಾರದಂತೆ ನೋಡಿಕೊಳ್ಳುವುದು ವಿದ್ಯಾರ್ಥಿಯ ಹೊಣೆ. ಗುಟ್ಟು ಕಾಪಾಡುವ ಈ ಪಾಠವೂ ವೈದ್ಯನಿಗೆ ಬೇಕಾದದ್ದೇ.

ಫಲ ಏನು? ಹೋದ ಕಿವಿ ಬಹುಮಟ್ಟಿಗೆ ಮರಳಿ ಬರುವುದಿಲ್ಲ. ಆದರೆ ಅದೇ ಯಂತ್ರದ ಮುಂದೆ ಈಗ ನಿಂತಿರುವ ಇಪ್ಪತ್ತೈದರ ಹುಡುಗನ ಕಿವಿ ಉಳಿಸಬಹುದು. 1948ರ ಕಾರ್ಖಾನೆ ಕಾಯ್ದೆಯಲ್ಲೇ ವೈದ್ಯರು ಸರ್ಕಾರಕ್ಕೆ ತಿಳಿಸಬೇಕಾದ ಕಸುಬಿನ ಕಾಯಿಲೆಗಳ ಪಟ್ಟಿ ಇತ್ತು. 2020ರ ಹೊಸ ಸಂಹಿತೆಯಲ್ಲೂ ಇದೆ. ಪಟ್ಟಿ ಇದ್ದರಾಯಿತೇ? ರೋಗಿಯ ಕೆಲಸ ಏನೆಂದು ಕೇಳುವ ವೈದ್ಯರಿದ್ದರೆ ತಾನೇ ಅದು ಜೀವಂತ!

ಸಹಾಯ ಎಲ್ಲಿದೆ?

ಇಂಥ ಕೆಲಸಕ್ಕೆ ಬೆಂಬಲವಿಲ್ಲ ಎನ್ನುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., 1979ರಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗಾಗಿಯೇ ಅಲ್ಪಾವಧಿ ವಿದ್ಯಾರ್ಥಿವೇತನದ ಯೋಜನೆಯನ್ನು ಆರಂಭಿಸಿತು. ತಮ್ಮ ಕಾಲೇಜಿನಲ್ಲೇ ಒಬ್ಬ ಅಧ್ಯಾಪಕರ ಕೈಕೆಳಗೆ ಎರಡು ತಿಂಗಳ ಸಣ್ಣ ಸಂಶೋಧನೆ ಮಾಡಿ ವರದಿ ಒಪ್ಪಿಸುವುದು ಅದರ ಕ್ರಮ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಧನಸಹಾಯ ಕೊಟ್ಟಿದೆ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ವಿದ್ಯಾರ್ಥಿ ತನ್ನ ಇಷ್ಟದ ವಿಷಯವನ್ನು ಆರಿಸಿಕೊಂಡು ಕಲಿಯುವ ಅವಧಿಯಿದೆ. ಆಮೇಲೆ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಯೂ ಕೆಲವು ಮನೆಗಳನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು. ಬಾಗಿಲುಗಳೆಲ್ಲ ತೆರೆದಿವೆ. ಆದರೆ ಅರ್ಜಿ ಬರೆಯುವುದು ಹೇಗೆ, ಪ್ರಶ್ನೆ ಹಿಡಿಯುವುದು ಹೇಗೆ ಎಂದು ಹೇಳಿಕೊಡುವವರು ಬೇಕಲ್ಲ? ಅದು ಹಿರಿಯ ವಿದ್ಯಾರ್ಥಿಯಿಂದ ಕಿರಿಯ ವಿದ್ಯಾರ್ಥಿಗೆ ದಾಟುವುದು ಸಂಘದಲ್ಲಿ.

ಎಚ್ಚರಿಕೆಯ ಮಾತು

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸಂಘದ ಹೆಸರಿನಲ್ಲಿ ಬರಿಯ ಸರ್ಟಿಫಿಕೇಟು ಹಂಚುವ ಅಂಗಡಿಗಳೂ ಇವೆ. ವಿದೇಶದಲ್ಲಿ ಮುಂದೆ ಓದಲು ಅನುಕೂಲವಾಗುತ್ತದೆಂದು, ಮಾಡದ ಸಂಶೋಧನೆಗೆ ಹೆಸರು ಸೇರಿಸಿಕೊಳ್ಳುವವರಿದ್ದಾರೆ. ದುಡ್ಡು ಕಟ್ಟಿದರೆ ವಾರದೊಳಗೆ ಏನನ್ನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸುಳ್ಳು ಅಂಕಿ ಬರೆಯಲು ಕಲಿತವನು ಮೂವತ್ತರಲ್ಲಿ ಕೇಸ್ ಶೀಟಿನಲ್ಲಿ ಏನು ಬರೆದಾನು?

ಆದ್ದರಿಂದ ತಂದೆತಾಯಿಗಳು ಬೇಡ ಎನ್ನುವ ಮೊದಲು ಮಗ ಅಥವಾ ಮಗಳ ಹತ್ತಿರ ಕೂತು ನಾಲ್ಕು ಮಾತು ವಿಚಾರಿಸಲಿ:

1. ಸಂಘದಲ್ಲಿ ಕಳೆದ ಸಲ ಯಾರು ಏನು ಮಂಡಿಸಿದರು? ಅದಕ್ಕೆ ಯಾರಾದರೂ ಆಕ್ಷೇಪ ಎತ್ತಿದರೇ? ಆಕ್ಷೇಪವೇ ಇಲ್ಲದ ಸಂಘದಲ್ಲಿ ಕಲಿಯುವುದು ಕಡಿಮೆ.

2. ಮಾರ್ಗದರ್ಶಕ ಅಧ್ಯಾಪಕರು ಯಾರು? ನೀತಿ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ?

3. ದುಡ್ಡು ಕೊಡಬೇಕೇ? ಯಾತಕ್ಕೆ? ಸರ್ಟಿಫಿಕೇಟಿಗೋ ಲೇಖನಕ್ಕೋ ಸಾವಿರಗಟ್ಟಲೆ ಕೇಳಿದರೆ ಅಧ್ಯಾಪಕರನ್ನು ಕಂಡು ಮಾತನಾಡಿ.

4. ಹಾಜರಿ ಹೇಗಿದೆ? ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹದಿನೈದು ದಿನಕ್ಕೊಂದು ಸಂಜೆಯಿಂದ ಓದು ಕೆಡುವುದಿಲ್ಲ. ಆದರೆ ಪರೀಕ್ಷೆಗೆ ಎರಡು ತಿಂಗಳಿರುವಾಗ ಹೊಸ ಅಧ್ಯಯನ ಹಿಡಿಯುವುದು ಬೇಡ.

ವಿದ್ಯಾರ್ಥಿಗಳಿಗೂ ಒಂದು ಮಾತು. ಕಾಲೇಜಿನಲ್ಲಿ ಸಂಘ ಇಲ್ಲವೆಂದು ಕೊರಗಬೇಡಿ. ಐದಾರು ಜನ ಸೇರಿ, ಒಬ್ಬ ಮೇಷ್ಟ್ರನ್ನು ಒಪ್ಪಿಸಿ, ಒಂದು ನೋಟ್ ಪುಸ್ತಕ ಇಟ್ಟುಕೊಂಡರೆ ಆರಂಭಕ್ಕೆ ಸಾಕು. ಎಡಿನ್‌ಬರೋದವರೂ ಹಾಗೇ ಶುರು ಮಾಡಿದ್ದು. ಮೊದಲ ಪ್ರಬಂಧಕ್ಕೆ ದೊಡ್ಡ ವಿಷಯ ಬೇಡ. ನಾಳೆ ವಾರ್ಡಿಗೆ ಹೋದಾಗ ಒಬ್ಬ ರೋಗಿಯ ಪಕ್ಕ ಹತ್ತು ನಿಮಿಷ ಕೂತು, ಅವರ ಕೆಲಸ ಏನು, ಎಷ್ಟು ವರ್ಷದಿಂದ, ಕೈಯಲ್ಲಿ ಏನು ಹಿಡಿಯುತ್ತಾರೆ, ಮೂಗಿಗೆ ಏನು ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅದನ್ನೇ ಓದಿ ಹೇಳಿ.

ಹಾಲಿನ ಬೂತಿನ ಹತ್ತಿರ ಮತ್ತೆ

ಇಷ್ಟನ್ನೂ ಬರೆದು, ಅಚ್ಚಿಗೆ ಕಳಿಸುವ ಮೊದಲು ನಿನ್ನೆ ಆ ಹಿರಿಯರನ್ನೇ ಕಂಡು ವಿಷಯ ಹೇಳಿದೆ. ಎರಡು ಸಲ ಜೋರಾಗಿ ಹೇಳಬೇಕಾಯಿತು. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದೇ ಸಾರ್, ಮೊನ್ನೆ ಊಟಕ್ಕೆ ಕೂತಾಗ ಮಗಳು ಕೇಳಿದಳು, ಅಪ್ಪ, ಪ್ರೆಸ್ ಶಾಪಿನಲ್ಲಿ ಕಿವಿಗೆ ಏನಾದರೂ ಹಾಕ್ಕೊಳ್ತಿದ್ದೆಯಾ ಅಂತ. ಒಂದೊಂದು ದಿನ ಹತ್ತಿ ಇಟ್ಕೊಳ್ತಿದ್ವಮ್ಮ ಅಂದೆ. ಅದನ್ನೇ ಬರ್ಕೊಂಡಳು. ಯಾತಕ್ಕೆ ಅಂತ ನನಗೆ ಗೊತ್ತಾಗಿರಲಿಲ್ಲ" ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಟಿ.ವಿ. ಸೌಂಡು ಜಾಸ್ತಿ ಅಂತ ಮನೆಯಲ್ಲಿ ದಿನಾ ಜಗಳ. ವಯಸ್ಸಾಯ್ತು ಅಂದ್ಕೊಂಡಿದ್ದೆ. ಎಷ್ಟೋ ಡಾಕ್ಟರುಗಳನ್ನ ನೋಡಿದ್ದೀನಿ, ಯಾರೂ ಇದನ್ನ ಕೇಳಿರಲಿಲ್ಲ" ಎಂದರು.

"ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸು ಅಂತ ಮಗಳಿಗೇ ಹೇಳಿ" ಎಂದೆ.

"ಹಾಗಾದ್ರೆ ಸಂಘಕ್ಕೆ ಹೋಗಲಿ ಅಂತೀರಾ?"

"ಹೋಗಲಿ. ಮೀಟಿಂಗಿನ ದಿನ ಎಂಟು ಗಂಟೆಗೆ ನೀವೇ ಮೆಟ್ರೊ ನಿಲ್ದಾಣಕ್ಕೆ ಹೋಗಿ ಕರೆದುಕೊಂಡು ಬನ್ನಿ. ದಾರಿಯಲ್ಲಿ, ಇವತ್ತು ಯಾರು ಏನು ಪ್ರಶ್ನೆ ಕೇಳಿದರು ಅಂತ ವಿಚಾರಿಸಿ."

ಆಗಲಿ ಸಾರ್ ಎಂದು ಹಾಲಿನ ಪೊಟ್ಟಣ ಹಿಡಿದು ಹೊರಟರು.